ಎಲ್ಲಿಂದ ಹತ್ತುತ್ತೀರಿ?

ಊರಿಗೆ ಟಿಕೆಟ್ ಬೇಕು ಎಂದು ಬಂದವರಿಗೆ ನಾನು ಮೊದಲು ಕೇಳುತ್ತಿದ್ದದ್ದು ‘ಎಲ್ಲಿಂದ ಹತ್ತುತ್ತೀರಿ?’ ಎಂದು. ಎಲ್ಲಿಗೆ ಹೋಗುತ್ತಾರೆ ಎಂಬುದು ಬಹುಪಾಲು ಗೊತ್ತೇ ಇರುತ್ತಿತ್ತು. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದಲ್ಲಿ, ಆಚೀಚಿನ ಗಲ್ಲಿಗಳಲ್ಲಿ ಇದ್ದ ನಮ್ಮವರು ಹೋಗುತ್ತಿದ್ದದ್ದು ಕುಮಟೆ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರಿಗೆ. ಇಲ್ಲವೇ ಕಲಬುರಗಿ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗೆ. ಗೊತ್ತಿಲ್ಲದ್ದು, ಗೊತ್ತು ಮಾಡಿಕೊಳ್ಳಬೇಕಾದದ್ದು ಹತ್ತುವ ಜಾಗ. ಆ ಒಂದು ಪ್ರಶ್ನೆಯ ಮೇಲೆಯೇ ನನ್ನ ಇಪ್ಪತ್ತು ವರ್ಷಕ್ಕೂ ಮೀರಿದ ಉದ್ಯೋಗ ನಿಂತಿದೆ.

ಮುಂಬಯಿಯ ಹೊರಗಿನವರಿಗೆ ಇದು ತಿಳಿಯುವುದು ಕಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರಾವಳಿಯ ಕಡೆ ಹೋಗುವ ಮತ್ಸ್ಯಗಂಧಾ ಗಾಡಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಬಿಟ್ಟು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಥಾಣೆಗೆ ಬರುತ್ತದೆ. ಅಲ್ಲಿಂದ ಮುಂದೆ ದಿವಾದಲ್ಲಿ ಬಲಕ್ಕೆ ಹೊರಳಿ, ನಿಳಜೆ ದಾಟಿ ಪನ್ವೇಲ್ ಸೇರುತ್ತದೆ. ನಿಳಜೆ ಅಂದರೆ ನಮ್ಮ ಡೊಂಬಿವಲಿಯ ಬೆನ್ನಿಗೇ ಇರುವ ಊರು. ಊರಿನ ಗಾಡಿ ನಮ್ಮ ಹಿತ್ತಲಲ್ಲೇ ಹಾದುಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಅದನ್ನು ಹಿಡಿಯಲು ಡೊಂಬಿವಲಿಯವರು ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು, ಲೋಕಲ್ ಹತ್ತಿ ಥಾಣೆಗೆ ಹೋಗಬೇಕು. ನವಿ ಮುಂಬಯಿಯಲ್ಲಿ, ವಾಶಿ, ನೆರುಲ್, ಖಾರ್ಘರ್ ಕಡೆ ಇರುವವರಿಗೆ ಪನ್ವೇಲ್ ಹತ್ತಿರ. ಕಲ್ಯಾಣಿನವರಿಗೆ ಎರಡೂ ದೂರ. ಆದರೆ ಉತ್ತರ ಕರ್ನಾಟಕದ ಕಡೆ ಹೋಗುವವರ ಕಥೆ ಬೇರೆ. ಕಲಬುರಗಿ, ರಾಯಚೂರಿಗೆ ಉದ್ಯಾನ್, ವಿಜಯಪುರ, ಬಾಗಲಕೋಟೆಗೆ ಗದಗ ಕಡೆಯ ಗಾಡಿ, ಬೆಳಗಾವಿ, ಹುಬ್ಬಳ್ಳಿಗೆ ಚಾಲುಕ್ಯ. ಅವೆಲ್ಲ ಕಲ್ಯಾಣಿನಲ್ಲಿ ನಿಲ್ಲುತ್ತವೆ. ಬೆಳಗಿನ ಉದ್ಯಾನಿಗೆ ಡೊಂಬಿವಲಿಯಿಂದ ಕಲ್ಯಾಣಿಗೆ ಹೋಗುವ ಲೋಕಲಿನಲ್ಲಿ ಕೂರಲು ಜಾಗ ಸಿಗುತ್ತದೆ. ಅದೇ ಹೊತ್ತಿಗೆ ದಾದರಿಗೆ ಹೋಗಿ ಹತ್ತುತ್ತೇನೆ ಎಂದವರು ಸೂಟ್‌ಕೇಸ್ ಸಮೇತ ಡೊಂಬಿವಲಿಯ ಬೆಳಗಿನ ಕಿಕ್ಕಿರಿದ ಫಾಸ್ಟ್ ಲೋಕಲ್ ಹತ್ತಬೇಕಾಗುತ್ತದೆ. ಅದನ್ನು ಒಮ್ಮೆ ಕಂಡವರು ಇನ್ನೊಮ್ಮೆ ಕೇಳುವುದಿಲ್ಲ.

ಟಿಕೆಟ್ ಕುರ್ಲಾದಿಂದ ತೆಗೆದರೂ ಹತ್ತುವ ಸ್ಟೇಷನ್ ಥಾಣೆ ಎಂದೋ ಪನ್ವೇಲ್ ಎಂದೋ ಬರೆಸಬೇಕು. ಬರೆಸದೆ ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದರೆ, ಅಷ್ಟರಲ್ಲಿ ಟಿಸಿ ಆ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಇಂಥ ಸಣ್ಣ ಸಂಗತಿಗಳನ್ನು ಕೌಂಟರಿನ ಆಚೆ ಕುಳಿತವರು ಹೇಳುವುದಿಲ್ಲ, ನಮ್ಮ ಹಿಂದೆ ನಿಂತ ಸಾಲು ಹೇಳಲು ಬಿಡುವುದೂ ಇಲ್ಲ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಊರಿಗೆ ಹೋಗುವುದೆಂದರೆ ಬಸ್ಸು, ಒಂದು ಹಗಲು ಒಂದು ರಾತ್ರಿ ಕೂತಲ್ಲೇ ಕೂತು, ಘಟ್ಟದ ತಿರುವುಗಳಲ್ಲಿ ತಲೆ ತಿರುಗಿಸಿಕೊಂಡು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಹಳಿಯ ಮೇಲೆ ಓಡಿತು. ರೋಹಾದಿಂದ ಮಂಗಳೂರಿನ ಪಕ್ಕದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ಅದೇ ವರ್ಷ ಮೇ ತಿಂಗಳಲ್ಲಿ ಮತ್ಸ್ಯಗಂಧಾ ಶುರುವಾಯಿತು. ಮಧ್ಯಾಹ್ನ ಥಾಣೆಯಲ್ಲಿ ಹತ್ತಿದರೆ ಮರುದಿನ ನಸುಕಿಗೆ ಕುಂದಾಪುರ. ವರ್ಷಕ್ಕೊಮ್ಮೆ ಊರು ಕಾಣುತ್ತಿದ್ದವರು ಮದುವೆಗೆ, ನೇಮಕ್ಕೆ, ತೇರಿಗೆ, ತಂಗಿಯ ಬಾಣಂತನಕ್ಕೆ ಹೋಗತೊಡಗಿದರು. ಟಿಕೆಟ್ ಸಾಲದಾಯಿತು.

ಉದ್ಯೋಗ ಎಂದು ನಾನು ಯಾವತ್ತೂ ಮುಹೂರ್ತ ಇಟ್ಟು ಶುರುಮಾಡಿದ್ದಲ್ಲ. ಡೊಂಬಿವಲಿ ಸ್ಟೇಷನ್ನಿನ ರಿಸರ್ವೇಶನ್ ಕಿಟಕಿಯ ಮುಂದೆ ಅಕ್ಕಪಕ್ಕದ ವಯಸ್ಸಾದವರಿಗಾಗಿ ಸಾಲು ನಿಲ್ಲುತ್ತಿದ್ದೆ. ಒಂದು ಫಾರಮ್ಮಿನಲ್ಲಿ ಆರು ಹೆಸರು. ಗಾಡಿಯ ನಂಬರು ಬರೆಯಲು ಬಾರದವರಿಗೆ ಅಲ್ಲೇ ನಿಂತು ಬರೆದುಕೊಡುತ್ತಿದ್ದೆ. 2002ರಲ್ಲಿ ಐಆರ್‌ಸಿಟಿಸಿಯವರು ಇಂಟರ್‌ನೆಟ್ಟಿನಲ್ಲಿ ಟಿಕೆಟ್ ಕೊಡಲು ಆರಂಭಿಸಿದಾಗ ನಮ್ಮ ಮನೆಯಲ್ಲಿ ಮಗನ ಓದಿಗೆಂದು ಕಂಪ್ಯೂಟರ್ ಬಂದಿತ್ತು. ಆಗಿನ ಟಿಕೆಟ್ ಕೊರಿಯರ್‌ನಲ್ಲಿ ಬರುತ್ತಿತ್ತು. ನಾಲ್ಕು ದಿನ ಮೊದಲು ಮಾಡದಿದ್ದರೆ ಕೈಗೆ ಸಿಗುವುದು ಅನುಮಾನ. ಮುಂದಿನ ವರ್ಷದ ಹೊತ್ತಿಗೆ ನಾನು ಒಬ್ಬ ದೊಡ್ಡ ಏಜೆಂಟರ ಕೈಕೆಳಗೆ ಪರವಾನಗಿ ತೆಗೆದುಕೊಂಡೆ. ವಿಮಾನದ ಟಿಕೆಟಿಗೂ ಅಷ್ಟೇ. ದೊಡ್ಡ ಏಜೆನ್ಸಿಯಾಗಲು ಕಚೇರಿ ಬೇಕು, ಬ್ಯಾಂಕ್ ಗ್ಯಾರಂಟಿ ಬೇಕು. ನನ್ನಂಥವರು ಅವರ ಬಳಿ ಮುಂಗಡ ಹಣ ಕಟ್ಟಿ, ಅದು ಕರಗುವವರೆಗೆ ಟಿಕೆಟ್ ತೆಗೆಯುವ ಉಪ ಏಜೆಂಟರು.

ಪರವಾನಗಿಯ ವಿಷಯದಲ್ಲಿ ನಾನು ಒಂದಿಂಚೂ ಸಡಿಲ ಬಿಟ್ಟವಳಲ್ಲ. 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಟಿಕೆಟ್ ವ್ಯಾಪಾರ ಮಾಡಿದರೆ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಸ್ವಂತಕ್ಕೆಂದು ತೆರೆದ ಖಾತೆಗಳಲ್ಲಿ ಹತ್ತಾರು ಹೆಸರಿಟ್ಟು ಟಿಕೆಟ್ ಮಾರುವವರು ನಮ್ಮ ಸುತ್ತಮುತ್ತ ಬೇಕಾದಷ್ಟಿದ್ದರು. ಮೇ ತಿಂಗಳಲ್ಲಿ ರೈಲ್ವೆಯವರು ದಾಳಿ ಮಾಡಿದಾಗ ಅವರ ಅಂಗಡಿಗಳಿಗೆ ಬೀಗ ಬೀಳುತ್ತಿತ್ತು. ಆನ್‌ಲೈನ್ ಟಿಕೆಟಿಗೂ ಈ ಕಲಮು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಹೇಳಿದ್ದು ಒಳ್ಳೆಯದಾಯಿತು. ದಲಾಲಿ ಎಂಬ ಒಂದೇ ಮಾತಿನಲ್ಲಿ ನಮ್ಮೆಲ್ಲರನ್ನೂ ಕಟ್ಟಿಹಾಕುವ ರೂಢಿಯಿಂದ ನನಗೆ ನಿಜವಾಗಿಯೂ ನೋವಾಗಿದೆ.

ಮನೆಯ ಹಾಲಿನಲ್ಲೇ ಕಚೇರಿ. ಅತ್ತೆ ನಾಲ್ಕನೆಯ ಇಯತ್ತೆಯವರೆಗೆ ಊರಿನ ಶಾಲೆಯಲ್ಲಿ ಓದಿದವರು. ನಾನು ಅಡುಗೆಮನೆಯಲ್ಲಿದ್ದಾಗ ಫೋನ್ ಎತ್ತಿ, ಪಿಎನ್‌ಆರ್‌ನ ಹತ್ತು ಅಂಕೆಗಳನ್ನು ಕನ್ನಡದ ಅಂಕಿಗಳಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಂಗ್ಲಿಷ್ ಅಂಕಿ ಅವರ ಕೈಗೆ ಒಗ್ಗಿರಲಿಲ್ಲ. ಫೋನಿನ ಆಚೆ ಇದ್ದವರು ಮರಾಠಿಯಲ್ಲಿ ‘ವಹಿನೀ, ತಿಕೀಟ ಕನ್ಫರ್ಮ್ ಝಾಲಂ ಕಾ?’ ಎಂದರೆ ಅತ್ತೆ ಕುಂದಾಪುರದ ಕನ್ನಡದಲ್ಲೇ ಉತ್ತರಿಸುತ್ತಿದ್ದರು, ಅವರಿಗೆ ತಿಳಿಯುತ್ತಲೂ ಇತ್ತು. ಆ ಪುಸ್ತಕಗಳಲ್ಲಿ ಹೆಸರು, ವಯಸ್ಸು, ಬರ್ತ್ ಅಷ್ಟೇ ಇರಲಿಲ್ಲ. ಇವರಿಗೆ ಮಂಡಿನೋವು, ಮೇಲಿನ ಬರ್ತ್ ಆಗದು. ಇವರು ಸಕ್ಕರೆ ಕಾಯಿಲೆಯವರು, ಶೌಚಾಲಯದ ಹತ್ತಿರ ಇರಲಿ. ಈ ಅಣ್ಣತಮ್ಮಂದಿರಿಗೆ ಆಸ್ತಿಯ ಜಗಳ, ಒಂದೇ ಬೋಗಿಯಲ್ಲಿ ಹಾಕಬೇಡ. ಅವೂ ಇರುತ್ತಿದ್ದವು.

ಹೆಂಗಸರು ವಯಸ್ಸು ಹೇಳುವುದಿಲ್ಲ ಎನ್ನುವ ಮಾತಿದೆ. ನನಗೆ ಹೇಳುತ್ತಿದ್ದರು. 58 ತುಂಬಿದ ಹೆಂಗಸರಿಗೆ ಟಿಕೆಟಿನಲ್ಲಿ ಅರ್ಧ ರಿಯಾಯಿತಿ, 60 ದಾಟಿದ ಗಂಡಸರಿಗೆ ನೂರಕ್ಕೆ 40. ಮಗನ ಸಂಬಳದಲ್ಲಿ ಬದುಕುತ್ತಿದ್ದ ಎಷ್ಟೋ ತಾಯಂದಿರು ಆ ಅರ್ಧ ಟಿಕೆಟಿನ ಬಲದ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ತವರಿಗೆ ಹೋಗಿಬಂದಿದ್ದಾರೆ. ಸೆರಗಿನ ಗಂಟಿನಿಂದ ನೋಟು ಬಿಚ್ಚಿ ಎಣಿಸಿಕೊಟ್ಟು, ‘ಮಗನಿಗೆ ಸಂಜೆ ನಾನೇ ಹೇಳ್ತೆ, ನೀ ಟಿಕೆಟ್ ಮಾಡು’ ಎಂದವರಿದ್ದಾರೆ. 2020ರ ಮಾರ್ಚ್ 20ರಿಂದ ಆ ರಿಯಾಯಿತಿ ನಿಂತಿತು. ಕೆಳಗಿನ ಬರ್ತಿನ ಕೋಟಾ ಉಳಿಯಿತು, ಹಣದ್ದು ಮರಳಿ ಬರಲಿಲ್ಲ. ಅದು ಮರಳಬೇಕು ಎಂದು ನಾನು ಎಲ್ಲಿ ಅವಕಾಶ ಸಿಕ್ಕಿದರೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಹೋಟೆಲಿನ ಹುಡುಗರು ಬರುತ್ತಿದ್ದದ್ದು ರಾತ್ರಿ ಹನ್ನೊಂದೂವರೆಯ ಮೇಲೆ, ಶಟರ್ ಎಳೆದ ಬಳಿಕ. ಮಾನಪಾಡಾ ರಸ್ತೆಯ, ಕಲ್ಯಾಣಿನ, ಥಾಣೆಯ ಉಡುಪಿ ಹೋಟೆಲುಗಳಲ್ಲಿ ದೋಸೆಗೆ ನಿಂತವರು, ಟೇಬಲ್ ಒರೆಸುವವರು, ಗಲ್ಲೆಯಲ್ಲಿ ಕೂರುವವರು. ಬಾಗಿಲಾಚೆಯೇ ಚಪ್ಪಲಿ ಬಿಟ್ಟು ಒಳಗೆ ಬಂದರೂ ಕೂರುತ್ತಿರಲಿಲ್ಲ. ಮನೆಯ ದೈವದ ನೇಮ ಇಂಥ ದಿನ ಎಂದು ಊರಿನಿಂದ ಫೋನ್ ಬಂದಿರುತ್ತಿತ್ತು, ಧಣಿಗಳು ರಜೆ ಕೊಟ್ಟಿರುತ್ತಿದ್ದದ್ದು ಅದರ ಹಿಂದಿನ ವಾರ. 2012ರ ಡಿಸೆಂಬರಿನಿಂದ ರಿಸರ್ವೇಶನ್ ಇರುವ ಎಲ್ಲ ತರಗತಿಗಳಿಗೂ ಗುರುತಿನ ಚೀಟಿ ಕಡ್ಡಾಯವಾದಾಗ ಇವರಲ್ಲಿ ಅನೇಕರ ಕೈಯಲ್ಲಿ ಯಾವ ಚೀಟಿಯೂ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು, ಹೋಟೆಲಿನಲ್ಲಿ ಕರೆಯುವುದು ಮತ್ತೊಂದು. ಮತದಾರರ ಚೀಟಿಗೆ, ಪ್ಯಾನ್ ಕಾರ್ಡಿಗೆ ಅರ್ಜಿ ತುಂಬಿಸಿಕೊಡುವುದೂ ನನ್ನ ಕೆಲಸದೊಳಗೆ ಬಂತು. ಒಬ್ಬ ಹುಡುಗನಿಗೆ ಅವನ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಊರಿನಲ್ಲಿ ಅವನ ಅಜ್ಜಿಗೆ ಫೋನ್ ಮಾಡಿ, ಯಾವ ವರ್ಷದ ನೆರೆಯ ಮುಂದೆ, ಯಾವ ಹಬ್ಬದ ಹಿಂದೆ ಎಂದು ಲೆಕ್ಕ ಹಾಕಿ ಶಾಲೆಯ ದಾಖಲೆ ಹುಡುಕಿಸಿದೆವು.

ಮಳೆಗಾಲ ಬಂದರೆ ನನಗೆ ನಿದ್ದೆ ತೆಳುವಾಗುತ್ತಿತ್ತು. 2004ರ ಜೂನ್ 16ರ ಬೆಳಗ್ಗೆ ಮುಂಬಯಿಗೆ ಬರುತ್ತಿದ್ದ ಮತ್ಸ್ಯಗಂಧಾ ಮಹಾಡದ ಹತ್ತಿರ ಹಳಿಯ ಮೇಲೆ ಬಿದ್ದ ಬಂಡೆಗೆ ಬಡಿದು ಸೇತುವೆಯಿಂದ ಕೆಳಗೆ ಬಿತ್ತು. ನಾನು ಟಿಕೆಟ್ ಮಾಡಿಸಿದವರು ಯಾರೂ ಅದರಲ್ಲಿರಲಿಲ್ಲ. ಆದರೂ ಪುಸ್ತಕದ ಹಾಳೆ ತಿರುಗಿಸಿ ತಿರುಗಿಸಿ ನೋಡಿದೆ. ಕೊಂಕಣ ಮಾರ್ಗಕ್ಕೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ಗಾಡಿಗಳು ನಿಧಾನವಾಗಿ ಓಡುತ್ತವೆ. ಹೊರಡುವ ಹೊತ್ತು ಬದಲಾಗಿರುತ್ತದೆ ಎಂದು ಊರಿನಿಂದ ಮರಳುವವರಿಗೆ ನಾನೇ ಫೋನ್ ಮಾಡಿ ಹೇಳುವ ಕ್ರಮ ಆಗಲೇ ಶುರುವಾದದ್ದು.

ಇನ್ನು ಹಣದ ವಿಷಯ. ಅದನ್ನು ಬಿಟ್ಟು ಈ ಉದ್ಯೋಗದ ಬಗ್ಗೆ ಬರೆದರೆ ಅರ್ಧ ಬರೆದಂತೆ. ರೈಲು ಟಿಕೆಟಿನಲ್ಲಿ ಏಜೆಂಟರು ಪಡೆಯಬಹುದಾದದ್ದು ಒಂದು ಟಿಕೆಟಿಗೆ ಸ್ಲೀಪರ್ ಆದರೆ 20, ಎಸಿಯಾದರೆ 40 ರೂಪಾಯಿ. ಆರು ಜನರಿದ್ದರೂ ಒಂದೇ ಟಿಕೆಟು. ಮನೆಗೆ ನಿಜವಾಗಿ ಹಣ ಬರುತ್ತಿದ್ದದ್ದು ವಿಮಾನದಿಂದ. ದುಬೈ, ಮಸ್ಕತ್, ಕುವೈತಿಗೆ ಕೆಲಸಕ್ಕೆ ಹೋಗುವವರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು. ಒಂದು ಕಾಲದಲ್ಲಿ ಕಂಪನಿಗಳು ಟಿಕೆಟ್ ದರದ ನೂರಕ್ಕೆ 9ರಷ್ಟು ಕಮಿಷನ್ ಕೊಡುತ್ತಿದ್ದವು, ಅದು 5ಕ್ಕೆ ಇಳಿಯಿತು, 2008ರ ಕೊನೆಗೆ ದೊಡ್ಡ ಕಂಪನಿಗಳು ಪೂರ್ತಿ ನಿಲ್ಲಿಸಿದವು. ಅದರ ಎರಡು ವರ್ಷ ಮೊದಲು, 2006ರಲ್ಲಿ, ಬೆಂಗಳೂರಿನಲ್ಲಿ ರೆಡ್‌ಬಸ್ ಶುರುವಾಗಿ ಬಸ್ಸಿನ ಟಿಕೆಟೂ ಜನರ ಕಂಪ್ಯೂಟರಿಗೆ ಹೋಗಿತ್ತು.

ಕಮಿಷನ್ ಇದ್ದಷ್ಟು ದಿನ ನನ್ನ ಕೆಲಸ ಬಿಟ್ಟಿ ಎಂದೇ ಜನ ತಿಳಿದಿದ್ದರು, ಏಕೆಂದರೆ ಅವರ ಕೈಯಿಂದ ನನಗೆಂದು ಒಂದು ರೂಪಾಯಿಯೂ ಬೇರೆಯಾಗಿ ಬರುತ್ತಿರಲಿಲ್ಲ. ಅದು ನಿಂತ ಮೇಲೆ ಕೇಳಲೇಬೇಕಾಯಿತು. ಯಾರ ಬಳಿ? ಗಣಪತಿ ಹಬ್ಬಕ್ಕೆ ಮೋದಕ ಕಳಿಸುವವರ ಬಳಿ, ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿ ಹಿಡಿದಿಡುವವರ ಬಳಿ, ನನ್ನ ಮಗನಿಗೆ ಜ್ವರ ಬಂದಾಗ ರಾತ್ರಿಯಿಡೀ ಕೂತವರ ಬಳಿ. ಮಗಳ ಬಳಿಗೆ ಅಮೆರಿಕಕ್ಕೆ ಹೊರಟಿದ್ದ ಹಿರಿಯ ಮಾಮಿಯೊಬ್ಬರು, ನಮ್ಮ ಊರಿನ ಕಡೆಯವರೇ, ನೇರವಾಗಿ ಕೇಳಿದರು: ‘ನೀ ಮನೆಯಲ್ಲೇ ಇಪ್ಪುದಲ್ಲ ಮಾರಾಯ್ತಿ, ಅದಕ್ಕೆ ಎಂಥ ದುಡ್ಡು?’

ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಬಾಡಿಗೆಗೆ ಅಂಗಡಿ ಹಿಡಿದು, ಬೋರ್ಡ್ ಹಾಕಿ, ಫ್ಯಾನಿನ ಕೆಳಗೆ ಕೂತ ಗಂಡಸಿಗೆ ಅವರು ಈ ಪ್ರಶ್ನೆ ಹಾಕುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಮನೆಯಲ್ಲಿ ಕುಳಿತ ಹೆಂಗಸಿನ ತಿಳಿವಳಿಕೆ ಎಂದರೆ ಹಿತ್ತಲಿನ ಕರಿಬೇವು, ಬೇಕಾದಾಗ ಕಿತ್ತುಕೊಳ್ಳಬಹುದು. ನಾನು ಅವರಿಗೆ ಆವತ್ತು ಶಾಂತವಾಗಿಯೇ ಉತ್ತರ ಕೊಟ್ಟೆ. ಅಮೆರಿಕದ ಟಿಕೆಟಿನಲ್ಲಿ ನಿಮಗೆ ಬೇಕಾದದ್ದು ಅಗ್ಗದ ದರವಲ್ಲ ಮಾಮಿ, ಇಂಗ್ಲಿಷ್ ಬಾರದ ನೀವು ಒಬ್ಬರೇ ಗಾಡಿ ಬದಲಿಸುವ ಹಾಗೆ ವಿಮಾನ ಬದಲಿಸಬೇಕು. ನಡುವೆ ನಾಲ್ಕು ಗಂಟೆ ಸಮಯ ಸಿಗುವ ವಿಮಾನ ಹುಡುಕಲು ನನಗೆ ಎರಡು ದಿನ ಹಿಡಿಯಿತು, ಗಾಲಿಕುರ್ಚಿ ಹೇಳಿದ್ದೇನೆ, ಊಟ ಸಸ್ಯಾಹಾರಿ ಎಂದು ಬರೆಸಿದ್ದೇನೆ, ಅಲ್ಲಿನ ಅಧಿಕಾರಿ ಕೇಳಿದರೆ ತೋರಿಸಲು ಮಗಳ ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೇನೆ. ದುಡ್ಡು ಇದಕ್ಕೆ. ಅವರು ಕೊಟ್ಟರು. ಮುಖ ಮಾತ್ರ ಕೆಲವು ತಿಂಗಳು ಬಿಗಿದುಕೊಂಡೇ ಇತ್ತು. ಆ ಬಿಗಿತವನ್ನು ಸಹಿಸುವುದು ನನಗೆ ಟಿಕೆಟ್ ಹುಡುಕುವುದಕ್ಕಿಂತ ಕಷ್ಟವಾಯಿತು.

ಎರಡು ಕೆಲಸಗಳಿಗೆ ನಾನು ಶುಲ್ಕ ಹಾಕಲಿಲ್ಲ. ಒಂದು, ತತ್ಕಾಲ್ ಕಲಿಸುವುದು. ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲು ಮುಚ್ಚಿರುತ್ತದೆ. ಎಸಿಗೆ ಹತ್ತು ಗಂಟೆಗೆ, ಉಳಿದದ್ದಕ್ಕೆ ಹನ್ನೊಂದಕ್ಕೆ ತೆರೆಯುವ ಆ ಟಿಕೆಟ್ ಅರ್ಧ ಗಂಟೆಯ ಮೇಲೆ ಉಳಿದಿರುವುದು ಅಪರೂಪ. ಹಾಗಾಗಿ ಕಟ್ಟಡದ ಮಕ್ಕಳನ್ನು ಕೂರಿಸಿ, ಅವರವರ ಮನೆಯವರ ಹೆಸರುಗಳನ್ನು ಮೊದಲೇ ತುಂಬಿಟ್ಟುಕೊಳ್ಳುವುದು ಹೇಗೆ, ಹಣ ಕಟ್ಟುವ ಯಾವ ದಾರಿ ಬೇಗ ಮುಗಿಯುತ್ತದೆ ಎಂದು ಹೇಳಿಕೊಟ್ಟೆ. ಇನ್ನೊಂದು, ಸಾವಿನ ಪ್ರಯಾಣ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಊರಿನಲ್ಲಿ ಅಪ್ಪ ಹೋದರು ಎಂದು. ಆ ಹೊತ್ತಿಗೆ ಮಾತನಾಡುವವರ ದನಿಯಲ್ಲಿ ಯಾವ ಲೆಕ್ಕವೂ ಇರುವುದಿಲ್ಲ, ಲೆಕ್ಕವನ್ನು ನಾನೇ ಹಾಕಬೇಕು. ಬೆಳಗಿನ ಮೊದಲ ಮಂಗಳೂರು ವಿಮಾನದಲ್ಲಿ ಜಾಗ ಇದೆಯೇ, ಇಲ್ಲದಿದ್ದರೆ ಗೋವಾಕ್ಕೆ ಹಾರಿ ಅಲ್ಲಿಂದ ಕಾರಿನಲ್ಲಿ ಹೋದರೆ ಕಾರವಾರ ಎಷ್ಟು ಹೊತ್ತಿಗೆ, ಭಟ್ಕಳ ಎಷ್ಟು ಹೊತ್ತಿಗೆ, ಅಲ್ಲಿಯವರೆಗೆ ಕಾಯುತ್ತಾರೆಯೇ. ಕೊನೆಯ ಪ್ರಶ್ನೆಯನ್ನು ಊರಿನವರಿಗೆ ನಾನೇ ಫೋನ್ ಮಾಡಿ ಕೇಳುತ್ತಿದ್ದೆ, ಏಕೆಂದರೆ ಮಗನ ಬಾಯಿಂದ ಆ ಮಾತು ಹೊರಡುವುದಿಲ್ಲ.

2019ರ ಜುಲೈ 26ರ ರಾತ್ರಿ ಕಲ್ಯಾಣಿನ ನಿವೃತ್ತ ದಂಪತಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರು. ಕೊಲ್ಲಾಪುರದಲ್ಲಿ ಅಮ್ಮನ ದರ್ಶನ ಮಾಡಿ, ನಿಪ್ಪಾಣಿಯಲ್ಲಿ ಮಗಳ ಮನೆಗೆ ಹೋಗುವವರು. ಉಲ್ಲಾಸ ನದಿ ಉಕ್ಕಿ ಬದಲಾಪುರ ಮತ್ತು ವಾಂಗಣಿಯ ನಡುವೆ ಗಾಡಿ ನೀರಿನಲ್ಲಿ ನಿಂತುಬಿಟ್ಟಿತು. ನಸುಕಿನಲ್ಲಿ ಅವರು ಫೋನ್ ಮಾಡಿದಾಗ ಸುತ್ತ ಕತ್ತಲು, ನೀರು ಎಷ್ಟಿದೆ ಎಂದು ಅವರಿಗೇ ಕಾಣುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರ ಮೊಬೈಲ್ ಆಫ್ ಮಾಡಿ, ಒಂದರಲ್ಲಿ ಗಂಟೆಗೊಮ್ಮೆ ನನಗೆ ಮಾತ್ರ ಫೋನ್ ಮಾಡಿ, ಮಗಳಿಗೆ, ತಮ್ಮನಿಗೆ, ಮಿಕ್ಕವರಿಗೆಲ್ಲ ನಾನು ತಿಳಿಸುತ್ತೇನೆ ಎಂದೆ. ಮಗಳು ಟಿವಿಯ ಮುಂದೆ ಕೂತು ಅಳುತ್ತಿದ್ದಳು. ರಾಷ್ಟ್ರೀಯ ವಿಪತ್ತು ಪಡೆಯವರು, ನೌಕಾಪಡೆಯವರು, ಸುತ್ತಲಿನ ಹಳ್ಳಿಯವರು ಸೇರಿ ಸುಮಾರು 1,050 ಜನರನ್ನು ದೋಣಿಗಳಲ್ಲಿ ಇಳಿಸಿ ದಡ ಸೇರಿಸಿದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಪ್ರಯಾಣಿಕರಿಗಾಗಿ ಕಲ್ಯಾಣಿನಿಂದ ಕೊಲ್ಲಾಪುರಕ್ಕೆ ವಿಶೇಷ ಗಾಡಿ ಬಿಟ್ಟರು. ಒದ್ದೆ ಬಟ್ಟೆಯಲ್ಲಿ ಕಲ್ಯಾಣಿಗೆ ಬಂದಿಳಿದ ಆ ಅಜ್ಜ ಫೋನ್ ಮಾಡಿ, ‘ಏನ್ ಮಾಡೂದ್ರೀ ತಂಗಿ, ಮನೀಗೆ ಹೋಗೂನೋ, ಮುಂದ ಹೋಗೂನೋ?’ ಎಂದು ಕೇಳಿದರು. ಮನೆ ಅಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಅಜ್ಜಿಯ ರಕ್ತದೊತ್ತಡದ ಮಾತ್ರೆ ಇದೆಯೇ ಎಂದು ಕೇಳಿದೆ, ಇತ್ತು. ಮನೆಗೆ ಹೋಗಿ ಬಟ್ಟೆ ಬದಲಿಸಿ ಬರಲು ಹೊತ್ತಿದೆ, ಮಗಳನ್ನು ನೋಡದೆ ನಿಮಗೆ ನಿದ್ದೆ ಬಾರದು, ಹೋಗಿಬನ್ನಿ ಎಂದೆ. ಹೋದರು.

ಅದರ ಮರುವರ್ಷ ಮಾರ್ಚ್ 22ಕ್ಕೆ ಗಾಡಿಗಳೇ ನಿಂತವು. ಮೇ ತಿಂಗಳಿಗೆಂದು ಹಿರಿಯರ ಗುಂಪೊಂದನ್ನು ಕಾಶಿಗೆ ಕರೆದೊಯ್ಯಲು ಎಲ್ಲ ಸಿದ್ಧ ಮಾಡಿದ್ದೆ. ರೈಲಿನ ಹಣ ಮರಳಿತು. ವಿಮಾನ ಕಂಪನಿಗಳು ಹಣದ ಬದಲು ಮುಂದೆ ಬಳಸಿ ಎಂದು ಜಮೆ ಇಟ್ಟುಕೊಂಡವು. ಲಾಕ್‌ಡೌನ್ ಕಾಲದ ಟಿಕೆಟುಗಳ ಹಣ ಮರಳಿಸುವ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶ ಬಂದದ್ದು ಅಕ್ಟೋಬರ್ 1ರಂದು. ವಸತಿಗೆ ಕಟ್ಟಿದ ಮುಂಗಡದಲ್ಲಿ ಒಂದು ಭಾಗ ಬರಲೇ ಇಲ್ಲ. ಅದನ್ನು ನಾನು ಕೈಯಿಂದ ತುಂಬಿ ಎಲ್ಲರಿಗೂ ಪೂರ್ತಿ ಕೊಟ್ಟೆ. ಆ ವರ್ಷ ಮನೆ ನಡೆದದ್ದು ಗಂಡನ ಸಂಬಳದಲ್ಲಿ. ಅತ್ತೆ ಆ ಮಳೆಗಾಲದಲ್ಲಿ ತೀರಿಕೊಂಡರು. ಗಾಡಿಯಿಲ್ಲದೆ ಊರಿನಿಂದ ಯಾರೂ ಬರಲಾಗಲಿಲ್ಲ.

2022ರ ಚಳಿಗಾಲಕ್ಕೆ ಆ ಕಾಶಿಯ ಗುಂಪು ಮತ್ತೆ ಕೂಡಿತು. ಇಬ್ಬರು ಕಡಿಮೆಯಾಗಿದ್ದರು, ನಾಲ್ವರು ಹೊಸದಾಗಿ ಸೇರಿದ್ದರು. ಹಿಂದೆ ‘ಎಂಥ ದುಡ್ಡು’ ಎಂದು ಕೇಳಿದ ಮಾಮಿಯೇ ಈಗ ಗುಂಪಿನ ಮುಂದಾಳು. ಖರ್ಚಿನ ಹಾಳೆಯಲ್ಲಿ ಗಾಡಿ, ವಸತಿ, ದೋಣಿ, ಊಟ ಎಂದು ಬರೆದು, ಕೆಳಗೆ ನನ್ನ ಶುಲ್ಕ ಎಂದು ಬೇರೆಯೇ ಸಾಲಿನಲ್ಲಿ ಮೊತ್ತ ಹಾಕಿದ್ದೆ. ಮಾಮಿ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ವಸತಿಯ ಸಾಲಿನ ಮೇಲೆ ಬೆರಳಿಟ್ಟು, ‘ಇದೆಂಥ ಇಷ್ಟು? ಅವನ ಹತ್ರ ತಲೆಗೆ ಇನ್ನೂರಾದ್ರೂ ಇಳಿಸು’ ಎಂದರು. ನನ್ನ ಸಾಲನ್ನು ಮುಟ್ಟಲಿಲ್ಲ. ಇನ್ನೂರು ಇಳಿಸಲಾಗಲಿಲ್ಲ, ನೂರೈವತ್ತು ಇಳಿಯಿತು.

ಕಾಶಿಗೆ ಮಹಾನಗರಿ ಎಕ್ಸ್‌ಪ್ರೆಸ್. ಮುಂಬಯಿ ಬಿಡುವುದು ರಾತ್ರಿ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ, ಕಲ್ಯಾಣಿಗೆ ಬರುವಾಗ ಒಂದು ಗಂಟೆ ಮೀರಿರುತ್ತದೆ. ಟಿಕೆಟಿನ ಮೇಲೆ ಮಂಗಳವಾರದ ತಾರೀಕು ಇದ್ದರೆ, ಮಂಗಳವಾರ ರಾತ್ರಿ ಸ್ಟೇಷನ್ನಿಗೆ ಬಂದವರ ಗಾಡಿ ಒಂದು ದಿನ ಮೊದಲೇ ಹೋಗಿರುತ್ತದೆ. ಎಲ್ಲರ ಟಿಕೆಟಿನ ನೆತ್ತಿಯ ಮೇಲೂ ಕೆಂಪು ಶಾಯಿಯಲ್ಲಿ ನಾನೇ ಕನ್ನಡದಲ್ಲಿ ಬರೆದೆ: ಸೋಮವಾರ ರಾತ್ರಿ ಊಟ ಮುಗಿಸಿ ಮನೆ ಬಿಡುವುದು, ಹತ್ತುವುದು ಕಲ್ಯಾಣಿನಲ್ಲಿ.